ಹಿತ್ತಲ ಮಣ್ಣು ಹೊರಟಾಗ

ನಾನು ಈ ಊರಿಗೆ ಮದುವೆಯಾಗಿ ಬಂದ ದಿನ ನನ್ನ ಗಂಡ ಮರಿಸಿದ್ದ ಮೊದಲು ತೋರಿಸಿದ್ದು ದೇವರ ಗೂಡನ್ನಲ್ಲ, ಅಡುಗೆಮನೆಯನ್ನೂ ಅಲ್ಲ, ಹಿತ್ತಲನ್ನು. "ಇದು ನಮ್ ಮಣ್ಣು. ಚೆನ್ನಾಗಿ ನೋಡ್ಕೊ," ಎಂದ. ನನಗೆ ನಗು ಬಂತು. ಮಣ್ಣನ್ನು ನೋಡಿಕೊಳ್ಳುವುದೇನು, ಅದೇನು ಎದ್ದು ಹೋಗುತ್ತದಾ ಎಂದೆ. ಅವನು ನಗಲಿಲ್ಲ. ಗೋಡೆಯ ಬುಡದಲ್ಲಿ ಬೆಕ್ಕು ನುಸುಳುವಷ್ಟು ಅಗಲಕ್ಕೆ ಬಿಟ್ಟಿದ್ದ ಗಂಡಿಯನ್ನು ತೋರಿಸಿ, "ಹೋದ್ರೆ ಈ ಕಡೆಯಿಂದ ಹೋಗುತ್ತೆ," ಎಂದ.

ನಮ್ಮೂರು ಕೂತಿರುವುದು ಹಾಸುಬಂಡೆಯ ಮೇಲೆ. ಇರುವ ಮಣ್ಣೆಲ್ಲ ಹಿತ್ತಲುಗಳಲ್ಲೇ ಇದೆ, ಅದೂ ಮೊಳದಾಳಕ್ಕೆ. ಇಟ್ಟಲ್ಲಿ ಒಗ್ಗದಿದ್ದರೆ ಆ ಮಣ್ಣು ಹೊರಟುಬಿಡುತ್ತದೆ. ಸದ್ದಿಲ್ಲ, ಗದ್ದಲವಿಲ್ಲ. ಹಿಡಿಹಿಡಿಯಾಗಿ ಸರಿದು, ಗಂಡಿಯಲ್ಲಿ ತೂರಿ, ಪಕ್ಕದ ಹಿತ್ತಲಿಗೆ ಹೋಗಿ ಕೂರುತ್ತದೆ. ಹೋದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ವಾಪಸು ತರಬಾರದು. ತಂದವರೂ ಉಂಟು, ಆದರೆ ಮನೆ ತಲುಪುವಷ್ಟರಲ್ಲಿ ಅದು ಬರೀ ಮರಳಾಗಿರುತ್ತದೆ. ಗಂಡಿ ಮುಚ್ಚಬಾರದು. ಯಾರ ಹಿತ್ತಲಿಗೆ ಮಣ್ಣು ಬಂತೋ ಅವರು ಅರಿಶಿನ ಕುಂಕುಮ ಇಟ್ಟು ಬರಮಾಡಿಕೊಳ್ಳಬೇಕು. ಹಾಗಾಗಿ ಇಲ್ಲಿ ಹೆಂಗಸರು ಮನೆಯವರ ಊಟಕ್ಕಿಂತ ಮಣ್ಣಿನ ಊಟಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಸಗಣಿ, ಹುಳಿ ಮಜ್ಜಿಗೆ, ಒಲೆ ಬೂದಿ, ಕಡಲೆಕಾಯಿ ಹಿಂಡಿ, ಅಕ್ಕಿ ತೊಳೆದ ನೀರು, ಮೊಟ್ಟೆ ಸಿಪ್ಪೆಯ ಪುಡಿ. ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸುತ್ತೇವೆ ಎಂಬುದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಕೇಳುವುದಂತೂ ನಾಚಿಕೆಗೇಡು. ಮನೆಮನೆ ತಿರುಗಿ ಅನ್ನ ಬೇಡಿದರೂ ಇಷ್ಟು ಮರ್ಯಾದೆ ಹೋಗುವುದಿಲ್ಲ.

ಇಷ್ಟೇ ಆಗಿದ್ದರೆ ಬೀನ್ಸು ಬದನೆಯ ವಿಷಯ ಅಂತ ಸುಮ್ಮನಿರಬಹುದಿತ್ತು. ಮಗು ಹುಟ್ಟಿದಾಗ ಅದರ ಹಿಂದೆಯೇ ಬೀಳುವ ಮಾಸನ್ನು ಇಲ್ಲಿ ಹಿತ್ತಲಲ್ಲೇ ಹೂಳುತ್ತಾರೆ, ಮೇಲೊಂದು ಕಲ್ಲಿಡುತ್ತಾರೆ. ಅದು ಮಾಸುಗಲ್ಲು. ಮದುವೆಯಾಗುವ ತನಕ ಆ ಜೀವ ಆ ಮಣ್ಣಿಗೆ ಸೇರಿದ್ದು. ಮಣ್ಣು ಹೊರಟರೆ ಕಲ್ಲೂ ಅದರ ಜೊತೆ ಸರಿಯುತ್ತದೆ. ಕಲ್ಲು ಗಂಡಿ ದಾಟಿತೋ, ಆ ಜೀವವೂ ಆ ಕಡೆಯ ಮನೆಗೆ ಹೋಗಬೇಕು. ಮಗುವಾದರೆ ಅಲ್ಲಿಯವರನ್ನೇ ಅಪ್ಪ ಅವ್ವ ಅನ್ನಬೇಕು. ಮೂಲೆಮನೆಯ ಕರಿಬಸವ ಹಾಗೆ ಹೋದವನೇ. ಈಗಲೂ ಹೆತ್ತವಳು ಬೀದಿಯಲ್ಲಿ ಸಿಕ್ಕರೆ, "ಚೆನ್ನಾಗಿದೀರಾ" ಎಂದು ಕೇಳಿ ಮುಂದಕ್ಕೆ ಹೋಗುತ್ತಾನೆ. ಅವಳು "ಹೂಂ ಕಣಪ್ಪ" ಅನ್ನುತ್ತಾಳೆ. ಅದನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಹಿತ್ತಲಲ್ಲಿದ್ದದ್ದು ಚೆಲುವಿಯ ಕಲ್ಲು. ಚೆಲುವಿ ನಾನು ಹೆತ್ತವಳಲ್ಲ. ಹೆತ್ತವಳು ಲಕ್ಕಮ್ಮ, ಮರಿಸಿದ್ದನ ಮೊದಲ ಹೆಂಡತಿ; ಜ್ವರ ಬಂದು ತೀರಿಕೊಂಡಳು. ನಾನು ಬಂದಾಗ ಮಗು ಇನ್ನೂ ಗೋಡೆ ಹಿಡಿದು ನಡೆಯುತ್ತಿತ್ತು. ಮೊದಲ ವಾರ ನನ್ನನ್ನು ಕಂಡರೆ ಚೀರುತ್ತಿತ್ತು. ಆಮೇಲೊಂದು ಮಧ್ಯಾಹ್ನ ನಾನು ಹುರುಳಿ ಆರಿಸುತ್ತಿದ್ದಾಗ ಬಂದು ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ನಾನು ಅಲುಗಾಡದೆ ಕೂತೆ, ಕಾಲು ಜೋಮು ಹಿಡಿಯಿತು, ಒಲೆಯ ಮೇಲಿನ ಸಾರು ತಳ ಹಿಡಿಯಿತು. ಅವತ್ತಿನಿಂದ ಅವಳು ನನ್ನವಳು. ಇದನ್ನು ಇನ್ನು ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ.

ಗೋಡೆಯ ಆಚೆ ಲಕ್ಕಮ್ಮನ ತವರುಮನೆ. ಅಲ್ಲಿ ಆಗ ಇದ್ದದ್ದು ಅವಳ ಅಕ್ಕ ದೇವೀರಮ್ಮ ಒಬ್ಬಳೇ. ಮದುವೆಯಾಗದೆ ತಂಗಿಯನ್ನು ಸಾಕಿ, ಪಕ್ಕದ ಮನೆಗೇ ಕೊಟ್ಟು, ಕೊನೆಗೆ ಮಣ್ಣು ಮಾಡಿದವಳು. ತಂಗಿಯ ಜಾಗಕ್ಕೆ ಬಂದ ನನ್ನನ್ನು ಅವಳು ಮುಖ ಕೊಟ್ಟು ಮಾತಾಡಿಸಿರಲಿಲ್ಲ. ಚೆಲುವಿಯನ್ನು ಮಾತ್ರ ಗೋಡೆಯ ಮೇಲಿಂದ ಕರೆದು ಹುರಿಗಡಲೆ ಕೊಡುತ್ತಿದ್ದಳು. ನಾನು ಕಂಡರೆ ತಲೆ ಒಳಗೆ ಹೋಗುತ್ತಿತ್ತು. ಹೋಗಲಿ ಬಿಡು, ನನಗೇನು ಎಂದು ನಾನೂ ಮೂಗು ಮುರಿಯುತ್ತಿದ್ದೆ.

ನನಗೆ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ತವರಿನವರು ತೋಟಗಾರರು. ಗೊಬ್ಬರದ ವಾಸನೆಯಲ್ಲೇ ಬೆಳೆದವಳು ನಾನು. ಈ ಊರಿನವರು ಚಮಚದಲ್ಲಿ ಅಳೆದಂತೆ ಹಾಕುವುದನ್ನು ಕಂಡು, ಇವರಿಗೇನು ಗೊತ್ತು ಎಂದುಕೊಂಡಿದ್ದೆ. ಹಿತ್ತಲುಗಳನ್ನು ನೋಡಿ ಯಾವ ಮಣ್ಣು, ಯಾವ ಕಲ್ಲು ಯಾರ ಕಡೆ ಎಂದು ಹೇಳಿಹೋಗಲು ಬರುವ ಗಡಿ ಚೌಡಯ್ಯ ಈ ಸಲದ ಬೇಸಿಗೆ ಶುರುವಿನಲ್ಲಿ ಬೆತ್ತದ ತುದಿಯಿಂದ ನಮ್ಮ ಮಣ್ಣು ಕೆದಕಿ, "ಸಪ್ಪಗಿದೆಯಲ್ಲ ತಾಯಿ," ಎಂದ. ಆ ಒಂದು ಮಾತು ಸಾಕಾಯಿತು. ನಾನು ಕೋಳಿ ಸಾಕುವವರ ಮನೆಯಿಂದ ಹಸಿ ಹಿಕ್ಕೆ ತರಿಸಿದೆ. ಮೀನಿನ ತಲೆ ಬಾಲಗಳನ್ನು ಬೆಲ್ಲದ ಜೊತೆ ಮಡಕೆಯಲ್ಲಿ ಕೊಳೆಹಾಕಿದೆ. ಸಗಣಿ, ಗಂಜಲ, ಕಡಲೆಹಿಟ್ಟು ಕಲಸಿ ಹುಳಿ ಬರಿಸಿದೆ. ಹಿತ್ತಲಲ್ಲಿ ಬಿದ್ದ ಸೀಬೆ ಎಲೆ, ನುಗ್ಗೆ ಎಲೆಗಳನ್ನು ಒಂದೂ ಬಿಡದೆ ಗುಡಿಸಿ ಸುಟ್ಟು ಬೂದಿ ಮಾಡಿದೆ. ಊರಿನ ಎಲ್ಲರೂ ಮಾಡುವುದೇ ಅದು. ಮಣ್ಣಿಗೆ ಊಟ ಬಡಿಸುವ ಮುಂಚೆ ತಟ್ಟೆ ತೊಳೆದ ಹಾಗೆ ನೆಲ ಚೊಕ್ಕಟವಾಗಿರಬೇಕು ಎನ್ನುತ್ತಾರೆ. ಎಲ್ಲವನ್ನೂ ಹಾಕಿ, ಗುದ್ದಲಿಯಲ್ಲಿ ಬುಡಮೇಲು ಮಾಡಿ, ನೀರು ಹೊಯ್ದೆ.

ಮಾರನೆಯ ಬೆಳಿಗ್ಗೆ ಬದನೆ ಸಾಲಿನ ಪಕ್ಕ ಬಂಡೆ ಕಂಡಿತು. ಅಂಗೈಯಗಲ, ಬೂದು ಬಣ್ಣ. ಗಂಡಿಯ ಕಡೆಗೆ ಒಂದು ತೆಳ್ಳನೆಯ ಮಣ್ಣಿನ ಎಳೆ ಹರಿದುಹೋಗಿತ್ತು, ದೇವೀರಮ್ಮನ ಹಿತ್ತಲಿಗೆ.

ಮರಿಸಿದ್ದ ಬಂದು ನೋಡಿದ. ಅವನು ಕಲ್ಲುಕುಟಿಗ. ಊರಿನ ಬಂಡೆಯ ಮೇಲೆ ಬದುಕುವವನು, ಮಣ್ಣಿನ ಬಗ್ಗೆ ಮಾತು ಕಡಿಮೆ. "ಹಸಿವಾಗಿರ್ಬೇಕು ಅದಕ್ಕೆ," ಎಂದ. ನನಗೂ ಹಾಗೇ ಅನ್ನಿಸಿತು. ಇಲ್ಲಿ ಹುಟ್ಟಿದವರಿಗೂ ಇಲ್ಲಿಗೆ ಬಂದವರಿಗೂ ತೋಚುವುದು ಅದೊಂದೇ: ಮಣ್ಣು ಹೋಗುತ್ತಿದೆ ಎಂದರೆ ಆ ಕಡೆ ಇನ್ನೂ ರುಚಿಯಾದದ್ದು ಬಡಿಸುತ್ತಿದ್ದಾರೆ. ಆ ದೇವೀರಮ್ಮ ಏನೋ ಹಾಕುತ್ತಿದ್ದಾಳೆ, ನನ್ನ ಮಗಳನ್ನು ಎಳೆದುಕೊಳ್ಳಲೆಂದೇ ಹಾಕುತ್ತಿದ್ದಾಳೆ ಎಂದು ನಂಬಿಬಿಟ್ಟೆ. ನಾನು ಇನ್ನಷ್ಟು ಹಿಕ್ಕೆ ತಂದೆ, ಇನ್ನಷ್ಟು ಬೂದಿ ಎರಚಿದೆ. ಮತ್ತೆ ಅಗೆದೆ. ಮಣ್ಣು ಇನ್ನಷ್ಟು ಹೋಯಿತು.

ಚೆಲುವಿಯ ಕಲ್ಲು ಸೀಬೆ ಮರದ ಬುಡದಲ್ಲಿತ್ತು. ಅದು ಅಲುಗಿದ ಬೆಳಿಗ್ಗೆ ನಾನು ಅಲ್ಲೇ ಕೂತು ಗೇಣು ಹಾಕಿ ಅಳೆದೆ. ದಿನಾ ಗೇಣಷ್ಟು, ಕೆಲವು ದಿನ ಅದಕ್ಕೂ ಹೆಚ್ಚು, ಅದು ಗೋಡೆಯ ಕಡೆಗೆ ನಡೆಯತೊಡಗಿತು. ನಡುವೆ ಪಾತ್ರೆ ಜೋಡಿಸಿಟ್ಟು ನೋಡಿದೆ, ಸುತ್ತಿಕೊಂಡು ಹೋಯಿತು. ಕೈಮುಗಿದೆ. ಬೈದೆ. ಬೆರಳಿಟ್ಟರೆ ಮಣ್ಣು ಬಿಸಿಯಾಗಿತ್ತು, ಬೆಳಗಿನ ಹೊತ್ತಿನಲ್ಲೂ. ಮೇಲೆ ಬಿಳಿ ಉಪ್ಪಿನಂಥ ಪೊರೆ ಕಟ್ಟಿತ್ತು. ಬದನೆ ಎಲೆಗಳ ಅಂಚು ಸುಟ್ಟಿತ್ತು. ಒಂದು ಎರೆಹುಳು ಇಲ್ಲ. ಇದೆಲ್ಲ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ತಲೆಯ ತುಂಬ ಆ ಕಲ್ಲೊಂದೇ ಇತ್ತು.

ಒಂದು ಸಂಜೆ ಮರಿಸಿದ್ದ ಕೆಲಸದಿಂದ ಬರುವಾಗ ಗಂಡಿಯ ಅಳತೆಗೆ ಸರಿಯಾಗಿ ಕೆತ್ತಿದ ಕಲ್ಲು ತಂದು ಹಿತ್ತಲ ಬಾಗಿಲಲ್ಲಿಟ್ಟ. ಗಂಡಿ ಮುಚ್ಚಿದವರನ್ನು ಊರಲ್ಲಿ ಇಟ್ಟುಕೊಳ್ಳುವುದಿಲ್ಲ. ಮೂವರೂ ಹೋಗಬೇಕಾಗುತ್ತಿತ್ತು, ಆದರೆ ಕಲ್ಲು ಇಲ್ಲಿದ್ದ ಮೇಲೆ ಚೆಲುವಿಯನ್ನು ಹೊರಗೆ ಬಿಡುವುದಿಲ್ಲ. ನಾವಿಲ್ಲದ ಮೇಲೆ ಊರಲ್ಲಿ ಅವಳಿಗೆ ಉಳಿಯುವ ನಂಟು ದೊಡ್ಡಮ್ಮನದೊಂದೇ, ಅಂದರೆ ಅವಳು ಆಗಲೂ ದೇವೀರಮ್ಮನ ಮನೆಗೇ. ನಾನು ಆ ಕಲ್ಲನ್ನು ಗಂಡಿಯ ತನಕ ಹೊತ್ತುಕೊಂಡು ಹೋಗಿ, ನಿಂತು, ಇದನ್ನೆಲ್ಲ ಲೆಕ್ಕ ಹಾಕಿ ಕೆಳಗಿಟ್ಟೆ. ಹಿಂದೆ ಚೆಲುವಿ ನಿಂತಿದ್ದಳು.

"ಅವ್ವ, ನಾನು ಆ ಕಡೆ ಹೋದ್ಮೇಲೆ ನಿನ್ನ ಏನಂತ ಕರೀಬೇಕು?" ಎಂದು ಕೇಳಿದಳು. ಅಳುತ್ತಿರಲಿಲ್ಲ. ನಾಳೆ ಯಾವ ಲಂಗ ಹಾಕಿಕೊಳ್ಳಲಿ ಎಂದು ಕೇಳುವಂತೆ ಕೇಳಿದಳು.

"ನೀನೆಲ್ಲೂ ಹೋಗಲ್ಲ, ನಡಿ ಒಳಗೆ," ಎಂದು ಗದರಿದೆ. ಒಳಗೆ ಹೋಗಿ ಕದದ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಮಾರನೆಯ ದಿನ ಚೌಡಯ್ಯ ಬಂದ. ಕಲ್ಲಿಗೂ ಗಂಡಿಗೂ ನಡುವೆ ಬೆತ್ತ ಇಟ್ಟು ನೋಡಿ, "ಇನ್ನು ಜಾಸ್ತಿ ದಿನ ಇಲ್ಲ ತಾಯಿ. ಮಗೂನ ಬಟ್ಟೆ ಬರೆ ಎತ್ತಿಡು," ಎಂದ. ಕೆಟ್ಟ ಮನುಷ್ಯನಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಪಕ್ಕದ ಮನೆ ತಾನೆ," ಎಂದೂ ಸೇರಿಸಿದ. ಅವನ ಕತ್ತು ಹಿಚುಕಬೇಕು ಅನ್ನಿಸಿತು.

ಅವನು ಹೋದ ಮೇಲೆ ನಾನು ಮುಖ ತೊಳೆದು, ಬೀದಿ ಬಾಗಿಲಿನಿಂದ ಹೊರಟು, ದೇವೀರಮ್ಮನ ಮನೆಯ ಮುಂದೆ ನಿಂತೆ. ಎದುರು ಜಗಲಿಯಲ್ಲಿ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿದರು. ನಿಲ್ಲಿಸಲಿ. ಕದ ತೆರೆದ ದೇವೀರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಂದ್ಯಾ. ಬೈಯೋಕೆ ಬಂದ್ಯೋ, ಕೇಳೋಕೆ ಬಂದ್ಯೋ?"

"ಬೈಯೋಕೇ ಅಂತ ಹೊರಟೆ. ಈಗ ಕೇಳ್ತೀನಿ. ಮಣ್ಣಿಗೆ ಏನ್ ಹಾಕ್ತಿದೀರಿ?"

ಜಗಲಿಯಲ್ಲಿ ಯಾರೋ 'ಅಯ್ಯಯ್ಯೋ' ಎಂದದ್ದು ಕೇಳಿಸಿತು. ದೇವೀರಮ್ಮ ನನ್ನ ಮುಂಗೈ ಹಿಡಿದು ಒಳಗೆಳೆದು ಕದ ಹಾಕಿದಳು. ನಡುಮನೆಯ ಪೆಟ್ಟಿಗೆಯ ಮೇಲೆ ಮಡಚಿಟ್ಟ ಎರಡು ಹೊಸ ಲಂಗಗಳಿದ್ದವು, ಚೆಲುವಿಯ ಅಳತೆಯವು. ಅವನ್ನು ಕಂಡು ನನಗೆ ಅವಳ ಮೇಲೆ ಕೋಪ ಬರಬೇಕಿತ್ತು. ಬಂತು ಕೂಡ. ಆದರೆ ಹೊಲಿಗೆ ಎಷ್ಟು ಸಣ್ಣದಾಗಿ, ಎಷ್ಟು ಒಪ್ಪವಾಗಿ ಹಾಕಿದ್ದಳೆಂದರೆ, ನೋಡುತ್ತ ನೋಡುತ್ತ ಕೋಪ ಎಲ್ಲೋ ಜಾರಿಹೋಯಿತು.

"ನಾನೇನೂ ಹಾಕ್ತಿಲ್ಲ," ಎಂದಳು ಅವಳು.

"ಸುಳ್ಳು ಹೇಳ್ಬೇಡಿ."

"ಬಾ ಇಲ್ಲಿ."

ಅವಳ ಹಿತ್ತಲನ್ನು ಅಷ್ಟು ವರ್ಷಗಳಲ್ಲಿ ನಾನು ಒಳಗಿನಿಂದ ನೋಡಿದ್ದು ಅದೇ ಮೊದಲು. ಹಿತ್ತಲೇ ಅಲ್ಲ ಅದು. ಹೊಂಗೆ ಮರದ ಎಲೆಗಳು ವರ್ಷಗಟ್ಟಲೆ ಉದುರಿ ಬಿದ್ದಲ್ಲೇ ಬಿದ್ದು, ಪಾದ ಮುಳುಗುವಷ್ಟು ದಪ್ಪಗೆ ಹಾಸಿದ್ದವು. ಮೇಲಿನವು ಒಣಗಿದ್ದವು, ಕೆಳಗಿನವು ಕಪ್ಪಾಗಿ ನೆನೆದಿದ್ದವು. ನಾನು ಮಂಡಿಯೂರಿ ಕೈ ಹಾಕಿದೆ. ತಂಪು. ಎಲೆಯ ಕೆಳಗೆ ಬಿಳಿ ನೂಲಿನಂಥ ಬೂಸು ಹಬ್ಬಿತ್ತು. ಎರೆಹುಳುಗಳು ಬೆರಳ ಸಂದಿಯಲ್ಲಿ ನುಸುಳಿದವು. ಮೊದಲ ಮಳೆಯ ಘಮ ಬಂತು. ನನ್ನ ಕಡೆಯಿಂದ ಹೋದ ಮಣ್ಣು ಆ ಎಲೆಗಳ ಅಡಿಗೆ ಹೊಕ್ಕು ಮಲಗಿತ್ತು.

"ಲಕ್ಕಿ ಹೋದ್ಮೇಲೆ ನಾನು ಹಿತ್ತಲಲ್ಲಿ ಪೊರಕೆ ಹಿಡಿದಿಲ್ಲ," ಎಂದಳು ದೇವೀರಮ್ಮ. "ಯಾರಿಗೋಸ್ಕರ ಗುಡಿಸ್ಲಿ, ಯಾರಿಗೋಸ್ಕರ ಬಡಿಸ್ಲಿ. ಚೌಡಯ್ಯ ಬಂದ್ರೂ ಕದ ತೆಗೀತಿರಲಿಲ್ಲ. ಮಣ್ಣು ಹೋಗೋದಾದ್ರೆ ಹೋಗ್ಲಿ ಅಂತ್ಲೇ ಬಿಟ್ಟೆ. ಹೋಗ್ಲಿಲ್ಲ. ಈಗ ನಿಂದೂ ಬರ್ತಿದೆ. ನಾನು ಕರೆದಿಲ್ಲ ಮುದ್ದಮ್ಮ. ಬಂದ್ರೆ ಬೇಡ ಅನ್ನಲ್ಲ, ಅದನ್ನೂ ಹೇಳ್ಬಿಡ್ತೀನಿ."

ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೂ ಅದೇ ಮೊದಲು. ನನಗೆ ಅಲ್ಲೇ ಎಲ್ಲ ಅರ್ಥವಾಯಿತು. ನನ್ನ ಮಣ್ಣಿಗೆ ಹಸಿವಾಗಿರಲಿಲ್ಲ, ಮೈ ಸುಟ್ಟಿತ್ತು. ಹಸಿ ಹಿಕ್ಕೆ, ಬೂದಿ, ಮೇಲಿಂದ ಮೇಲೆ ಗುದ್ದಲಿ ಏಟು, ಹೊದೆಯಲು ಒಂದು ಎಲೆ ಇಲ್ಲ, ಮೇಲೆ ಬಿಸಿಲು. ಅದು ನೆರಳು ಹುಡುಕಿಕೊಂಡು ಹೊರಟಿತ್ತು. ತೋಟಗಾರರ ಮಗಳಂತೆ ನಾನು.

"ನಂಗೆ ಅವಳು ಬೇಕು ಅಕ್ಕ," ಎಂದೆ.

"ನಂಗೂ ಬೇಕು," ಎಂದಳು ದೇವೀರಮ್ಮ. ಬಾಗಿಲ ತನಕ ಬಂದು ಕಳಿಸಿದಳು, ಅಷ್ಟೆ.

ಮನೆಗೆ ಬಂದವಳು ಮಡಕೆಗಳನ್ನೆಲ್ಲ ಮುಚ್ಚಿಟ್ಟೆ. ಗುದ್ದಲಿಯನ್ನು ಅಟ್ಟಕ್ಕೆಸೆದೆ. ಬಿಳಿ ಪೊರೆಯನ್ನು ಕೆರೆದು ತೆಗೆದು, ಉಪ್ಪು ತೊಳೆದುಹೋಗುವಷ್ಟು ನೀರು ಬಿಟ್ಟೆ. ಇನ್ನು ಹೊದಿಸಬೇಕು. ಹೊದಿಸಲು ಎಲೆ ಎಲ್ಲಿದೆ? ಇದ್ದದ್ದನ್ನೆಲ್ಲ ಸುಟ್ಟವಳು ನಾನೇ. ಮನೆಮನೆಗೂ ಹೋಗಿ ಕೇಳಿದೆ. ಎಲ್ಲರ ಹಿತ್ತಲೂ ಕನ್ನಡಿಯಂತೆ ಗುಡಿಸಿದ್ದೇ. ಹುಲ್ಲು ಕೇಳಿದರೆ ದನಕ್ಕೇ ಇಲ್ಲ ಎಂದರು. ಹಳೆಯ ಚಾಪೆ, ಗೋಣಿಚೀಲ, ನನ್ನ ಎರಡು ಸೀರೆ ಹಾಸಿದೆ. ಬಿಸಿಲಿಗೆ ಅವೂ ಕಾದವು. ಸಂಜೆಗೆ ಕಲ್ಲಿನ ಮೂತಿ ಗಂಡಿಯ ಒಳಗೆ ಸೇರಿತ್ತು. ಮರಿಸಿದ್ದ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ತಲೆ ಬಾಚಿದ. ಬೈತಲೆ ಸೊಟ್ಟಗಾಯಿತು. ಅವನು ಬಿಚ್ಚಿ ಮತ್ತೆ ಬಾಚಿದ.

ಬೆಳಕು ಹರಿಯುವಾಗ ಹಿತ್ತಲಲ್ಲಿ ಧೊಪ್ಪೆಂದಿತು. ಓಡಿದೆ. ಗೋಡೆಯ ಮೇಲಿಂದ ಒಂದು ಮಂಕರಿ ಎಲೆ ಸುರಿದು ಬಿದ್ದಿತ್ತು. ಹಿಂದೆಯೇ ಇನ್ನೊಂದು. ಆಮೇಲೆ ದೇವೀರಮ್ಮನ ತಲೆ ಕಂಡಿತು, ಕೂದಲ ತುಂಬ ಕಸ.

"ಏನ್ ನೋಡ್ತಾ ನಿಂತೆ? ಹರವು. ಕಪ್ಪಗಿರೋದು ಕೆಳಗೆ, ಒಣಗಿರೋದು ಮೇಲೆ. ತುಳೀಬೇಡ."

"ಅಕ್ಕ, ನೀವ್ಯಾಕೆ..."

"ನಿನ್ನೆ ಅವಳು ಗೋಡೆ ಹತ್ರ ಬಂದಿದ್ಲು. ದೊಡ್ಡಮ್ಮ, ನಿಮ್ಮನೇಗ್ ಬಂದ್ಮೇಲೆ ಅವ್ವನ್ನ ಏನಂತ ಕರೀಲಿ ಅಂದ್ಲು. ನಂಗೆ ಹೇಳಕ್ಕೆ ಬರಲಿಲ್ಲ." ಅವಳು ಮೂಗು ಸೀನಿದಳು. "ಹರವು ಅಂದ್ನಲ್ಲ."

ಹರವಿದೆ. ಮರಿಸಿದ್ದ ಹರವಿದ, ಚೆಲುವಿ ಹರವಿದಳು. ಮಂಕರಿಯ ಮೇಲೆ ಮಂಕರಿ ಬೀಳುತ್ತಲೇ ಇತ್ತು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ನಮ್ಮ ಹಿತ್ತಲಲ್ಲಿ ನೆಲ ಕಾಣುತ್ತಿರಲಿಲ್ಲ. ನಾನು ಗಂಡಿಯ ಮುಂದೆ ಹೊಟ್ಟೆಯ ಮೇಲೆ ಮಲಗಿ ಕಲ್ಲನ್ನೇ ನೋಡುತ್ತಿದ್ದೆ. ಅದು ಅರ್ಧ ಈಚೆ, ಅರ್ಧ ಆಚೆ. ಹೋಗುತ್ತಿದೆಯೋ ನಿಂತಿದೆಯೋ ತಿಳಿಯದು. ಕಣ್ಣು ಉರಿದು ನೀರು ಬಂತು. ನೀರು ಒರೆಸಿಕೊಂಡು ನೋಡಿದಾಗ ಕಲ್ಲಿನ ಹಿಂದೆ, ಆಚೆ ಕಡೆಯಿಂದ, ಸಣ್ಣಗೆ ಮಣ್ಣು ಕೂಡಿಕೊಳ್ಳುತ್ತಿತ್ತು. ಕೂಡಿದ ಮಣ್ಣು ಕಲ್ಲನ್ನು ತಳ್ಳಿತು, ನನ್ನ ಕಡೆಗೆ.

ಚೌಡಯ್ಯ ಬಂದು ಬೆತ್ತ ಇಟ್ಟು ನೋಡುವಾಗ ಕಲ್ಲು ಪೂರ್ತಿ ನಮ್ಮ ಕಡೆಗೆ ಬಂದಿತ್ತು. "ಮಗು ಇಲ್ಲೇ," ಎಂದ. ನಾನು ಚೆಲುವಿಯನ್ನು ಎತ್ತಿಕೊಂಡೆ. ಎತ್ತುವ ವಯಸ್ಸು ದಾಟಿದ ಹುಡುಗಿ, ಸೊಂಟ ಉಳುಕಿತು, ಬಿಡಲಿಲ್ಲ. ಅಷ್ಟರಲ್ಲಿ ಚೌಡಯ್ಯ ಮತ್ತೆ ಬಗ್ಗಿ, "ಇದೇನಿದು," ಎಂದ.

ಮಣ್ಣು ನಿಂತಿರಲಿಲ್ಲ. ನನ್ನದು ಬಂದಾದ ಮೇಲೂ ಬರುತ್ತಲೇ ಇತ್ತು, ಕಪ್ಪಗೆ, ಒದ್ದೆಯಾಗಿ, ಅವಸರದಲ್ಲಿ. ಅದು ದೇವೀರಮ್ಮನ ಮಣ್ಣು. ಎಲೆಯನ್ನೆಲ್ಲ ನಮಗೆ ಸುರಿದು ಅವಳು ತನ್ನ ನೆಲವನ್ನು ಬಟ್ಟಬಯಲು ಮಾಡಿದ್ದಳು, ಉರಿಬಿಸಿಲಲ್ಲಿ. ಅದು ಎಲೆ ಹುಡುಕಿಕೊಂಡು ಹೊರಟಿತ್ತು. ನಾನು ಗೋಡೆ ಹತ್ತಿ ನೋಡಿದೆ. ಅವಳು ಖಾಲಿ ಮಂಕರಿ ಹಿಡಿದು ಬಂಡೆಯ ಮೇಲೆ ನಿಂತಿದ್ದಳು. ಸರಿಯುತ್ತಿದ್ದ ಮಣ್ಣಿನ ಮೇಲೆ ಒಂದು ಕಲ್ಲು ಬರುತ್ತಿತ್ತು, ಪಾಚಿ ಕಟ್ಟಿ ಕರ್ರಗಾದ ಹಳೆಯ ಕಲ್ಲು. ಅದು ಅವಳದೇ ಮಾಸುಗಲ್ಲು, ಊರಲ್ಲಿ ಎಲ್ಲರೂ ಮರೆತಿದ್ದರು. ಮದುವೆಯಾಗದ ದೇವೀರಮ್ಮ ಇನ್ನೂ ಅದಕ್ಕೆ ಸೇರಿದವಳು.

"ಅಕ್ಕ, ಎಲೆ ವಾಪಸ್ ಹಾಕ್ತೀನಿ, ಸ್ವಲ್ಪ ತಡೀರಿ," ಎಂದು ಕೂಗಿದೆ.

"ಮುಟ್ಟಬೇಡ," ಎಂದಳು. "ಅರ್ಧ ಎತ್ತಿದ್ರೆ ಎರಡೂ ಕಡೇದು ಕೆಡುತ್ತೆ. ಮಗು ಕಲ್ಲು ಈಗಷ್ಟೆ ನಿಂತಿದೆ."

ಸಂಜೆಯೊಳಗೆ ಅವಳ ಕಲ್ಲು ಗಂಡಿ ದಾಟಿತು. ಚೌಡಯ್ಯ ಕೆಮ್ಮಿದ. ಮಕ್ಕಳ ವಿಷಯದಲ್ಲಿ ಅವನಿಗೆ ಮಾತು ಬಾಯಿಪಾಠ; ತಲೆ ನರೆತವಳ ವಿಷಯದಲ್ಲಿ ಏನು ಹೇಳಬೇಕೋ ತಿಳಿಯದೆ, "ಏನೋಪ್ಪ, ನಿಯಮ ನಿಯಮಾನೇ," ಎಂದು ಬೆತ್ತ ಕಂಕುಳಿಗೆ ಸಿಕ್ಕಿಸಿಕೊಂಡು ಹೋದ. ನಾನು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬೀದಿ ಬಾಗಿಲಲ್ಲಿ ನಿಂತೆ. ಭಯವಾಗುತ್ತಿತ್ತು. ಇನ್ನು ಈ ಮನೆಯಲ್ಲಿ ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನುವವಳು ಬರುತ್ತಾಳೆ, ಲಕ್ಕಿ ಹೀಗೆ ಮಾಡ್ತಿರಲಿಲ್ಲ ಎನ್ನುವವಳು ಬರುತ್ತಾಳೆ. ಪೆಟ್ಟಿಗೆ ಹೊತ್ತ ಮರಿಸಿದ್ದನ ಹಿಂದೆ ಅವಳು ತಲೆಗೂದಲ ಕಸ ಕೂಡ ಕೊಡವದೆ ನಡೆದು ಬಂದಳು. ಚೆಲುವಿ ಅವಳ ಕೈ ಹಿಡಿದಿದ್ದಳು.

ಹಣೆಗೆ ಕುಂಕುಮ ಇಡುವಾಗ ಮೆಲ್ಲಗೆ ಕೇಳಿದೆ. "ಎಲೆ ಎತ್ತಿದ್ರೆ ನಿಮ್ ಮಣ್ಣೂ ಹೊರಡುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ಹಾಕಿದ್ರಾ?"

ಅವಳು ಒಂದು ಸಲ ಹಿಂತಿರುಗಿ ತನ್ನ ಮನೆಯ ಮುಚ್ಚಿದ ಕದ ನೋಡಿದಳು. "ಆ ಮನೇಲಿ ನಾನು ಒಂದು ಮಾತಾಡಿ ಎಷ್ಟ್ ವರ್ಷ ಆಯ್ತು ಗೊತ್ತೇನೆ ನಿಂಗೆ," ಎಂದಳು. ನಾನು ಬಟ್ಟಲು ಕೆಳಗಿಟ್ಟು, ಅವಳ ಕೂದಲಲ್ಲಿ ಸಿಕ್ಕಿದ್ದ ಎಲೆಚೂರುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಅವಳು ಹೊಸ್ತಿಲಾಚೆಯೇ ತಲೆ ಬಗ್ಗಿಸಿ ನಿಂತು ಬಿಡಿಸಿಕೊಂಡಳು.